ಅರ್ಜಿಯಲ್ಲಿ ಕಾಣದ ಕಸುಬು

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಶಾಲೆಯಿಂದ ಹಿಡಿದು ಹೊಸಪೇಟೆಯ ಡಿ.ಸಿ ಕಚೇರಿಯವರೆಗೆ ಅರ್ಜಿ ಶುರುವಾಗುವುದು ಹೀಗೆಯೇ. ರಜೆ ಚೀಟಿಗೂ ಇದೇ ಸಾಲು, ಬೋರ್‌ವೆಲ್ ಕೇಳುವುದಕ್ಕೂ ಇದೇ ಸಾಲು, ನೌಕರಿ ಕೇಳುವುದಕ್ಕೂ ಇದೇ. ಕೊನೆಗೊಂದು ‘ಇಂತಿ ತಮ್ಮ ವಿಧೇಯ’. ಬರೆದವರಿಗೆ ಏನು ಕೆಲಸ ಬರುತ್ತದೆ ಎಂಬ ಮಾತಿಗೆ ನಡುವೆ ಜಾಗವೇ ಇರುವುದಿಲ್ಲ.

ಅದಕ್ಕೆ ಕಾರಣವೂ ಇದೆ. ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕುಗಳಲ್ಲಿ ನೌಕರಿ ಎಂದರೆ ಇಂದಿಗೂ ಸರ್ಕಾರಿ ನೌಕರಿಯೇ. ಅಲ್ಲಿ ನಡೆಯುವುದು ಪತ್ರವಲ್ಲ, ಪ್ರಮಾಣಪತ್ರ. ಸಂವಿಧಾನದ 371 (ಜೆ) ವಿಧಿಯ ಬಲದಿಂದ ಈ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಈ ಸವಲತ್ತಿಗಾಗಿಯೇ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ನ್ಯಾಯವಾದ ಹೋರಾಟವದು. ಆದರೆ ಹಾಲ್ ಟಿಕೆಟ್‌ಗೂ ಕಟ್ ಆಫ್‌ಗೂ ಕಾಯುತ್ತಲೇ ಬೆಳೆದ ಮಕ್ಕಳಿಗೆ, ಖಾಸಗಿ ಕಂಪನಿಯ ಮುಂದೆ ತಮ್ಮ ಬಗ್ಗೆ ತಾವೇ ನಾಲ್ಕು ಮಾತು ಹೇಳಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ.

ಕಲಿಸುವ ಕೆಲಸ ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನ ಪಾಲಿಗೆ ಬಿದ್ದಿದೆ. ಅಲ್ಲಿರುವುದು ಬಯೋಡೇಟಾದ ಒಂದೇ ಫೈಲು. ಹೆಸರು, ತಂದೆಯ ಹೆಸರು, ಊರು ಬದಲಾಗುತ್ತವೆ. ‘ಹಾರ್ಡ್ ವರ್ಕಿಂಗ್’, ‘ಕ್ವಿಕ್ ಲರ್ನರ್’ ಎಂಬ ಮಾತುಗಳು ಮಾತ್ರ ಊರಿನ ಎಲ್ಲರಿಗೂ ಸೇರಿದವು.

ಹಲವಾಗಲಿನ ಒಬ್ಬ ಐಟಿಐ ಎಲೆಕ್ಟ್ರಿಷಿಯನ್ ಹುಡುಗನನ್ನು ಊಹಿಸಿಕೊಳ್ಳಿ. ತುಂಗಭದ್ರೆಯ ದಂಡೆಯ ಊರು, ನದಿಗೆ ಮೋಟರ್ ಇಟ್ಟು ಗದ್ದೆಗೆ ನೀರು ಹಾಯಿಸುವ ಮನೆ. ಅವನ ಅರ್ಜಿಯಲ್ಲಿರುವುದು ಇಷ್ಟು: ‘ನಮ್ಮದು ಬಡ ಕುಟುಂಬ. ದಯಮಾಡಿ ಕೆಲಸ ಕೊಟ್ಟರೆ ನಿಷ್ಠೆಯಿಂದ ದುಡಿಯುತ್ತೇನೆ.’ ಇದೇ ಹುಡುಗ ಒಂದು ಫೇಸ್ ಹೋಗಿ ಮೋಟರ್ ಗುಂಯ್‌ಗುಟ್ಟಿದ ಕೂಡಲೇ ಓಡಿಹೋಗಿ ಸ್ಟಾರ್ಟರ್ ಬಂದ್ ಮಾಡಿದವನು, ಸುಟ್ಟ ವೈಂಡಿಂಗನ್ನು ವಾಸನೆಯಿಂದಲೇ ಪತ್ತೆ ಹಚ್ಚುವವನು. ಅವನು ಬರೆಯಬೇಕಿದ್ದದ್ದು ಹೀಗೆ: ‘ಎರಡು ಬೇಸಿಗೆ ರಿವೈಂಡಿಂಗ್ ಅಂಗಡಿಯಲ್ಲಿ ದುಡಿದಿದ್ದೇನೆ. ಐದು ಎಚ್‌ಪಿ ಮೋಟರ್ ಬಿಚ್ಚಿ, ವೈಂಡಿಂಗ್ ಮಾಡಿ, ಜೋಡಿಸಲು ಬರುತ್ತದೆ. ನಿಮ್ಮ ಜಾಹೀರಾತಿನಲ್ಲಿ ಮೇಂಟೆನೆನ್ಸ್ ಸಹಾಯಕ ಬೇಕು ಎಂದಿದೆ. ರಾತ್ರಿ ಪಾಳಿಗೂ ಬರಬಲ್ಲೆ.’ ಬಡತನ ಓದಿದವರಿಗೆ ಮರುಕ ಹುಟ್ಟಬಹುದು. ಆದರೆ ಮೋಟರಿನ ಸಂಗತಿ ಓದಿದ ಸೂಪರ್‌ವೈಸರ್ ಫೋನ್ ಕೈಗೆತ್ತಿಕೊಳ್ಳುತ್ತಾರೆ.

ಈ ಮಾತು ಹೊಸದೂ ಅಲ್ಲ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಅದರ ಮೊದಲ ಅಂಶ ಹಗುರವಾದ, ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ಸೇತುವೆ. ಆಮೇಲೆ ಕೋಟೆಯ ಮುತ್ತಿಗೆ, ಫಿರಂಗಿ, ರಥ. ಚಿತ್ರ ಬರೆಯಲೂ ಬರುತ್ತದೆ ಎಂಬ ಮಾತು ಕಟ್ಟಕಡೆಗೆ. ತಾನು ಯಾವುದರಲ್ಲಿ ದೊಡ್ಡವನು ಎನ್ನುವುದಕ್ಕಿಂತ ಓದುವವನಿಗೆ ಈಗ ಏನು ಬೇಕಾಗಿದೆ ಎಂಬುದನ್ನು ಆತ ಮೊದಲು ಯೋಚಿಸಿದ್ದ.

ನಮ್ಮ ಹುಡುಗರು ಹುಡುಗಿಯರು ಮುಚ್ಚಿಡುವುದು ಇನ್ನೊಂದಿದೆ: ಗುಳೆ. ಈ ಸೀಮೆಯ ಮಂದಿ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವುದು ಎಲ್ಲರಿಗೂ ಗೊತ್ತು. ಅಪ್ಪ–ಅವ್ವನ ಜೊತೆ ಹೋಗಿ ಹತ್ತಾಳಿನ ಹಾಜರಿ ಬರೆದ, ಶನಿವಾರದ ಬಟವಾಡೆ ಲೆಕ್ಕ ಹಾಕಿದ ಬಿ.ಕಾಂ. ಹುಡುಗಿ ಅರ್ಜಿಯಲ್ಲಿ ‘ಅನುಭವ: ಇಲ್ಲ’ ಎಂದು ಬರೆಯುತ್ತಾಳೆ. ಅದು ನಾಚಿಕೆಪಡುವ ಸಂಗತಿಯಲ್ಲ, ಅಪ್ಪಟ ಅಕೌಂಟ್ಸ್ ಅನುಭವ. ಅದನ್ನು ಅನುಭವವೆಂದು ಹೇಳಿಕೊಡದೇ ಇದ್ದ ಕಾಲೇಜುಗಳ ತಪ್ಪಿಗೆ ಅವಳು ದಂಡ ತೆರಬೇಕಾಗಿಲ್ಲ.

ಇಂಗ್ಲಿಷಿನ ಅಂಜಿಕೆಯೇ ಮುಖ್ಯ ತೊಡಕು ಎನ್ನುವವರಿದ್ದಾರೆ. ಅದು ಅರ್ಧ ಮಾತ್ರ ನಿಜ. ಹೇಳುವುದೇನೆಂದು ಮೊದಲು ಕನ್ನಡದಲ್ಲಿ, ಮನೆಯಲ್ಲಿ ಆಡುವ ಹಾಗೆ ಐದಾರು ಸಾಲು ಬರೆದುಕೊಂಡರೆ ಅದನ್ನು ಸರಳ ಇಂಗ್ಲಿಷಿಗೆ ತರುವುದು ದೊಡ್ಡ ಕೆಲಸವಲ್ಲ. ಹೇಳುವುದಕ್ಕೇ ಏನೂ ಇಲ್ಲದಾಗ ಎರವಲು ಫೈಲು ಬೇಕಾಗುತ್ತದೆ. ಇನ್ನು ಮೊಬೈಲಿನಿಂದ ಖಾಲಿ ಇ–ಮೇಲ್‌ಗೆ ಪಿಡಿಎಫ್ ಅಂಟಿಸಿ ಕಳಿಸುವುದಂತೂ ಬಾಗಿಲು ಬಡಿದು ಮಾತಾಡದೆ ನಿಂತ ಹಾಗೆ.

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನದ ಪ್ರಶ್ನೆ ಇದ್ದೇ ಇರುತ್ತದೆ. ಪ್ರವಾಸದ ಬಗ್ಗೆ ಗೆಳೆಯನಿಗೆ, ಚರಂಡಿಯ ಬಗ್ಗೆ ಅಧಿಕಾರಿಗೆ ಬರೆಯುವ ಅಭ್ಯಾಸ ಮಕ್ಕಳಿಗಿದೆ. ಅದರ ಜೊತೆಗೆ ಇಂಥದೊಂದನ್ನೂ ಕೇಳಿದರೆ ಸಾಕು: ‘ನಿಮ್ಮೂರಿನ ಮೋಟರ್ ರಿಪೇರಿ ಅಂಗಡಿಗೆ ಸಹಾಯಕರು ಬೇಕಾಗಿದ್ದಾರೆ. ನಿಮಗೆ ಬರುವ ಮೂರು ಕೆಲಸಗಳನ್ನು, ಅವನ್ನು ಎಲ್ಲಿ ಕಲಿತಿರಿ ಎಂಬುದನ್ನು ತಿಳಿಸಿ ಮಾಲೀಕರಿಗೆ ಪತ್ರ ಬರೆಯಿರಿ.’