ಶಿವಪುರದ ಬಯಲು ಕಲಿಸುವ ಪಾಠ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಮದ್ದೂರು ಬಂತೆಂದರೆ ಎಲ್ಲರಿಗೂ ನೆನಪಾಗುವುದು ಮದ್ದೂರು ವಡೆ. ವಡೆ ತಿಂದು, ಚಹಾ ಕುಡಿದು, ಮಕ್ಕಳನ್ನು ಮತ್ತೆ ವಾಹನ ಹತ್ತಿಸಿ ಮುಂದೆ ಸಾಗುತ್ತೇವೆ. ಅಲ್ಲೇ ಪಕ್ಕದಲ್ಲಿ ಶಿವಪುರವಿದೆ, ಅಲ್ಲೊಂದು ಸತ್ಯಾಗ್ರಹ ಸೌಧವಿದೆ ಎಂದು ಮಕ್ಕಳಿಗೆ ತೋರಿಸುವವರು ಕಡಿಮೆ.

ಅದು 1938ರ ಏಪ್ರಿಲ್ ತಿಂಗಳು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸುವುದಕ್ಕೆ ಸರಕಾರದ ನಿಷೇಧವಿತ್ತು. ಮೈಸೂರು ಕಾಂಗ್ರೆಸ್ ತನ್ನ ಅಧಿವೇಶನಕ್ಕೆ ಆರಿಸಿಕೊಂಡದ್ದು ದೊಡ್ಡ ನಗರವನ್ನಲ್ಲ, ಶಿಂಷಾ ನದಿಯ ಬಳಿಯ ಈ ಶಿವಪುರವನ್ನು. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಲಿನ ಹಳ್ಳಿಗಳಿಂದ ರೈತರು ಸಾವಿರಾರು ಸಂಖ್ಯೆಯಲ್ಲಿ ಬಂದು ಸೇರಿದರು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಧ್ವಜವೇರಿಸಿದರು, ಬಂಧನಕ್ಕೊಳಗಾದರು. ಅವರ ಹಿಂದೆ ಒಬ್ಬೊಬ್ಬರೇ ಮುಂದೆ ಬಂದು ಬಂಧನಕ್ಕೆ ಸಿದ್ಧರಾದರು. ತಮ್ಮ ನಾಯಕರನ್ನು ಕಣ್ಣೆದುರೇ ಕರೆದೊಯ್ಯುವಾಗಲೂ ಆ ಜನಸ್ತೋಮ ಪೊಲೀಸರ ಮೇಲೆ ಕೈ ಎತ್ತಲಿಲ್ಲ.

ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮಂಡ್ಯದ ಹೊಲಗಳಿಗೆ ನಾಲೆಯ ನೀರು ಹರಿದದ್ದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು ಅವರದೇ ಆಡಳಿತ ಕಾಲದಲ್ಲಿ. ಆ ನೀರಿನಲ್ಲಿ ಕಬ್ಬು ಬೆಳೆದ ಸೀಮೆಯ ಜನರೇ ಅವರ ಸರಕಾರದ ಆಜ್ಞೆಯನ್ನು ಮೀರಿದರು. ಅವರು ಕೇಳಿದ್ದು ಧ್ವಜ ಹಾರಿಸುವ ಹಕ್ಕನ್ನು, ಜವಾಬ್ದಾರಿ ಸರಕಾರವನ್ನು. ತಪ್ಪನ್ನು ವಿರೋಧಿಸುವುದಕ್ಕೂ ಮನುಷ್ಯನನ್ನು ದ್ವೇಷಿಸುವುದಕ್ಕೂ ಇರುವ ಅಂತರ ಇಲ್ಲಿದೆ.

ಎರಡೇ ವಾರದಲ್ಲಿ ನಿಜವಾದ ಪರೀಕ್ಷೆ ಎದುರಾಯಿತು. ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ವಿಷಯವಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದಿತು ಸರಕಾರ. ಜನರ ಲೆಕ್ಕ 30ನ್ನು ದಾಟುತ್ತದೆ. ಇಷ್ಟಾದ ಮೇಲೆ ರಾಜ್ಯವೆಲ್ಲ ಹೊತ್ತಿ ಉರಿಯಬಹುದಿತ್ತು. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಮಾತುಕತೆಗೆ ಕಳುಹಿಸಿದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೇ ತ್ರಿವರ್ಣ ಧ್ವಜವೂ ಹಾರಬಹುದಾಯಿತು. ಜವಾಬ್ದಾರಿ ಸರಕಾರಕ್ಕೆ ಮಾತ್ರ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಶಾಂತಿಯ ದಾರಿ ಹತ್ತಿರದ್ದಲ್ಲ.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ "ಸಬ್ರ್ ಮಾಡು" ಎಂದು ಹೇಳುವುದು ಸಾಮಾನ್ಯ. ಬಹಳ ಸಲ ಅದರ ಅರ್ಥ "ಬಾಯಿ ಮುಚ್ಚಿಕೊಂಡಿರು" ಎಂದಷ್ಟೇ. ಆದರೆ ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರು ಕಂಡ ಸಬ್ರ್ ಬೇರೆ. ಸೇಡು, ಬಂದೂಕು ಬಾಳಿನ ಭಾಗವೇ ಆಗಿದ್ದ ಪಠಾಣರಿಂದ ಅವರು ಅಹಿಂಸೆಯ ಪ್ರತಿಜ್ಞೆ ಮಾಡಿಸಿದರು. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಅವರ ಬಂಧನವನ್ನು ಪ್ರತಿಭಟಿಸಿದ ನಿರಾಯುಧ ಜನರ ಮೇಲೆ ಬ್ರಿಟಿಷರು ಗುಂಡು ಹಾರಿಸಿದರು. ಅದಾದ ಮೇಲೂ ಅವರ ಖುದಾಯಿ ಖಿದ್ಮತ್‌ಗಾರರು ಬಂದೂಕು ಹಿಡಿಯಲಿಲ್ಲ. ಹಾಗೆಂದು ಹೆದರಿ ಮನೆ ಸೇರಲೂ ಇಲ್ಲ. ಅನ್ಯಾಯವನ್ನು ನುಂಗಿಕೊಳ್ಳುವುದು ಸಹನೆಯಲ್ಲ. ಅನ್ಯಾಯವನ್ನು ಅನ್ಯಾಯವೆಂದು ಹೇಳಬೇಕು. ಹೇಳುವಾಗ ಕೈಯೂ ನಾಲಿಗೆಯೂ ಹಿಡಿತದಲ್ಲಿರಬೇಕು.

ಈ ಮಾತು ಇಂದು ಹೆಚ್ಚು ಬೇಕಾಗಿದೆ. 2024ರ ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ, 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿಯೇ ಗಣೇಶ ಮೆರವಣಿಗೆಯ ವೇಳೆ ಕಲ್ಲುಗಳು ತೂರಿದವು. ಅಂಗಡಿ ಸುಟ್ಟರೆ ಒಂದು ಮನೆಯ ಅನ್ನ ಹೋಗುತ್ತದೆ. ಮಗನ ಮೇಲೆ ಮೊಕದ್ದಮೆ ಬಿದ್ದರೆ ತಾಯಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾಳೆ. ಆ ತಾಯಿ ಯಾವ ಧರ್ಮದವಳಾದರೂ ಕಣ್ಣೀರು ಒಂದೇ.

ಕಲ್ಲು ಎತ್ತುವ ಕೈ ಒಂದು ಕಾಲಕ್ಕೆ ತಾಯಿಯ ಬೆರಳು ಹಿಡಿದು ನಡೆದ ಕೈಯೇ. ಮೊಬೈಲಿಗೆ ಬಂದ ಸುದ್ದಿ ನೋಡಿ ಮಗ ಚಪ್ಪಲಿ ಮೆಟ್ಟಿಕೊಂಡು ಹೊರಟಾಗ, "ಎಲ್ಲಿಗೆ? ಯಾರು ಹೇಳಿದರು? ನಿಜವೇ?" ಎಂದು ಬಾಗಿಲಲ್ಲಿ ನಿಂತು ಕೇಳುವ ಹಕ್ಕು ನಮಗಿದೆ. ಪಕ್ಕದ ಮನೆಯ ಅಕ್ಕನ ಜೊತೆ ಮಾತು ನಿಲ್ಲದಂತೆ ನೋಡಿಕೊಳ್ಳುವುದೂ ನಮ್ಮಿಂದಾಗುವ ಕೆಲಸವೇ. ನಮಗೆ ಅನ್ಯಾಯವಾದಾಗ ದೂರು ಕೊಡೋಣ, ಕಾನೂನಿನ ಬಾಗಿಲು ತಟ್ಟೋಣ, ಹತ್ತು ಮಂದಿಯೊಂದಿಗೆ ಬಹಿರಂಗವಾಗಿ ನಿಲ್ಲೋಣ. ಕಲ್ಲು ಮಾತ್ರ ಬೇಡ.

ಮುಂದಿನ ಸಲ ಮದ್ದೂರಿನಲ್ಲಿ ವಡೆಗೆಂದು ಇಳಿದಾಗ ಮಕ್ಕಳನ್ನು ಶಿವಪುರಕ್ಕೂ ಕರೆದುಕೊಂಡು ಹೋಗಿ. ಬರಿಗೈಯಲ್ಲಿ ಬಂದ ರೈತರು ಇಲ್ಲಿ ಗೆದ್ದರು ಎಂದು ಹೇಳಿ.