ಆರಂಭದ ಆಯ್ಕೆಪಟ್ಟಿ ಯಾವ ನುಡಿಯಲ್ಲಿರಬೇಕು?

ಉಮರ್ಗಾ ತಾಲ್ಲೂಕಿನ ದಾಳಿಂಬದಿಂದಲೋ ನಿಲಂಗಾ, ಉದಗೀರ ಸೀಮೆಯ ಹಳ್ಳಿಗಳಿಂದಲೋ ಬಂದು ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಎರಡು ನುಡಿಗಳ ನಡುವೆ ದಾಟುವುದು ಹೊಸತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗೆರೆ ಎಲ್ಲಿ ಬಿದ್ದರೂ ಮನೆಮಾತು ಮನೆಯಲ್ಲಿಯೇ ಉಳಿಯಿತು. ಆದರೆ ಇದೇ ವಿದ್ಯಾರ್ಥಿ ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ಎದುರಾಗುವ ಮೊದಲ ಪ್ರಶ್ನೆ ಕನ್ನಡದಲ್ಲಿಯೂ ಇರುವುದಿಲ್ಲ, ಮರಾಠಿಯಲ್ಲಿಯೂ ಇರುವುದಿಲ್ಲ. ಇದನ್ನು ತಂತ್ರಜ್ಞರ ಪಾಲಿಗೆ ಬಿಟ್ಟು ಕೈಕಟ್ಟಿ ಕೂರುವುದು ಕನ್ನಡ ವಿಭಾಗಗಳಿಗೆ ಶೋಭಿಸುವುದಿಲ್ಲ.

ಲಿನಕ್ಸ್ ವ್ಯವಸ್ಥೆಯ ಒಂದು ವಿಶೇಷವೆಂದರೆ ಅದರಲ್ಲಿ ಡೆಸ್ಕ್‌ಟಾಪ್ ಒಂದೇ ಅಲ್ಲ. ಕೆಡಿಇ 1996ರಲ್ಲಿ ಆರಂಭವಾಯಿತು, ಗ್ನೋಮ್ 1997ರಲ್ಲಿ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇಗಳು ಹಗುರವಾದವು, ಹಳೆಯ ಯಂತ್ರಗಳಿಗೆ ಒಗ್ಗುವಂಥವು. ಒಂದೇ ಯಂತ್ರದಲ್ಲಿ ಇವೆಲ್ಲವನ್ನೂ ಇರಿಸಿ, ಪ್ರತಿಸಲ ಬೇಕಾದುದನ್ನು ಆರಿಸಿಕೊಳ್ಳಬಹುದು. ಲಾಗಿನ್ ಪರದೆಯ ಮೂಲೆಯಲ್ಲಿ ಅಂಥ ಪಟ್ಟಿ ಈಗಾಗಲೇ ಇದೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಇದೆ, ನಿಜ. ಆದರೆ ಅದರಲ್ಲಿರುವುದು ತಯಾರಿಸಿದವರು ಇಟ್ಟ ಹೆಸರುಗಳು. 'ಎಕ್ಸ್‌ಎಫ್‌ಸಿಇ ಸೆಷನ್' ಎಂಬುದನ್ನು ಓದಿದ ಬಿ.ಎ. ಮೊದಲ ವರ್ಷದ ಹುಡುಗಿಗೆ ಅದರಿಂದ ತನಗೇನು ಉಪಯೋಗವೆಂಬುದು ತಿಳಿಯುವುದಿಲ್ಲ. 'ಬರವಣಿಗೆಗೆ: ಹಗುರವಾದುದು', 'ಶಾಸನಗಳ ಚಿತ್ರ ನೋಡಲು: ದೊಡ್ಡದು' ಎಂದಿದ್ದರೆ ತಿಳಿಯುತ್ತದೆ. ಹೆಸರಿಡುವ ಈ ಕೆಲಸ ಭಾಷೆಯ ವಿದ್ಯಾರ್ಥಿಯದು.

ಸ್ಕ್ರಿಪ್ಟ್ ಬರೆಯುವುದು ಅಂಜುವಷ್ಟು ಕಠಿಣವಲ್ಲ. ಲಾಗಿನ್ ಪರದೆಯ ತಂತ್ರಾಂಶವನ್ನು ನಿಲ್ಲಿಸಿ, 'ಸ್ಟಾರ್ಟ್‌ಎಕ್ಸ್' ಆಜ್ಞೆಯಿಂದ ಚಿತ್ರಪರದೆಯನ್ನು ತೆರೆಯುವ ಕ್ರಮದಲ್ಲಿ, ಬಳಕೆದಾರನ ಮನೆಕೋಶದಲ್ಲಿರುವ 'ಎಕ್ಸ್‌ಇನಿಟ್‌ಆರ್‌ಸಿ' ಎಂಬ ಚಿಕ್ಕ ಕಡತವನ್ನು ವ್ಯವಸ್ಥೆ ಓದುತ್ತದೆ. ಅದರಲ್ಲಿ ಪಟ್ಟಿಯನ್ನು ತೋರಿಸುವ ಒಂದು ಸಾಲು, ಉತ್ತರಕ್ಕೆ ತಕ್ಕಂತೆ ಕವಲೊಡೆಯುವ 'ಕೇಸ್' ರಚನೆ, ಪ್ರತಿ ಕವಲಿನ ತುದಿಯಲ್ಲಿ ಒಂದು ಡೆಸ್ಕ್‌ಟಾಪನ್ನು ಹೊರಡಿಸುವ ಆಜ್ಞೆ ಇದ್ದರಾಯಿತು. ಆ ಆಜ್ಞೆಯ ಮುಂದೆ 'ಎಕ್ಸೆಕ್' ಇರಬೇಕು. ಆಗ ಸ್ಕ್ರಿಪ್ಟಿನ ಸ್ಥಾನವನ್ನು ಡೆಸ್ಕ್‌ಟಾಪೇ ಆಕ್ರಮಿಸುತ್ತದೆ. ಅದರ ಬದಲು ಆಜ್ಞೆಯನ್ನು ಹಿನ್ನೆಲೆಗೆ ತಳ್ಳಿದರೆ ಸ್ಕ್ರಿಪ್ಟು ಕೊನೆಗೆ ಬಂದು ಮುಗಿಯುತ್ತದೆ, ಅದರೊಡನೆ ಪರದೆಯೂ ಮುಚ್ಚುತ್ತದೆ.

ನಿಜವಾದ ತೊಡಕು ಲಿಪಿಯದು. ಚಿತ್ರಪರದೆ ತೆರೆಯುವ ಮುನ್ನ ಕಾಣುವ ಕಪ್ಪು ತೆರೆಗೆ ಹೆಚ್ಚೆಂದರೆ 512 ಅಕ್ಷರರೂಪಗಳು ಗೊತ್ತು. ಒಂದು ಸಂಕೇತಕ್ಕೆ ಒಂದು ಮನೆ ಎಂಬುದು ಅದರ ಲೆಕ್ಕ. ಒತ್ತಕ್ಷರವನ್ನು ಕೆಳಗಿಳಿಸುವುದಾಗಲಿ ಗುಣಿತವನ್ನು ವ್ಯಂಜನದೊಡನೆ ಬೆಸೆಯುವುದಾಗಲಿ ಅದಕ್ಕೆ ಬರುವುದಿಲ್ಲ. ಆ ತೆರೆಯ ಮೇಲೆ ಕನ್ನಡವೂ ದೇವನಾಗರಿಯೂ ಸಮಾನವಾಗಿ ಅನಾಥ. ಹೆಸರು, ಗುಪ್ತಪದ ಕೇಳುವ ಸಾಲು ಇಂಗ್ಲಿಷಿನಲ್ಲಿಯೇ ಇರುವುದನ್ನು ಸದ್ಯಕ್ಕೆ ಒಪ್ಪಿಕೊಳ್ಳಬೇಕು. ಆದರೆ ಆಯ್ಕೆಪಟ್ಟಿಯನ್ನು ಅಲ್ಲಿಡದೆ, ಚಿತ್ರಪರದೆ ತೆರೆದ ಮೇಲೆ 'ಝೆನಿಟಿ'ಯಂಥ ಸಂವಾದ ಪೆಟ್ಟಿಗೆಯಲ್ಲಿಟ್ಟರೆ ಯುನಿಕೋಡ್ ಕನ್ನಡ ಒತ್ತಕ್ಷರ ಸಹಿತ ಸರಿಯಾಗಿ ಮೂಡುತ್ತದೆ. ಯಂತ್ರದಲ್ಲಿ ಕನ್ನಡದ ಒಂದು ಫಾಂಟ್ ಇದ್ದರೆ ಸಾಕು. ಆಯ್ಕೆಪಟ್ಟಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ್ದರಿಂದಲೇ ಕನ್ನಡಕ್ಕೆ ಜಾಗ ದೊರೆಯುತ್ತದೆ.

ಇನ್ನು ಪದಗಳ ಮಾತು. 'ಸೆಷನ್' ಎಂಬುದನ್ನು 'ಅಧಿವೇಶನ' ಎಂದು ಅನುವಾದಿಸಿದರೆ ಓದುಗನ ಕಣ್ಣಮುಂದೆ ವಿಧಾನಮಂಡಲ ಬಂದು ನಿಲ್ಲುತ್ತದೆ. 'ಡೆಸ್ಕ್‌ಟಾಪ್ ಪರಿಸರ' ಎಂಬ ಪ್ರಯೋಗ ಇನ್ನೂ ಸ್ವಾರಸ್ಯಕರ. ಇಂದಿನ ಕನ್ನಡದಲ್ಲಿ ಪರಿಸರವೆಂದೊಡನೆ ಗಿಡಮರ, ಗಾಳಿ, ನೀರು ನೆನಪಾಗುತ್ತವೆ. ಮರಾಠಿಯಲ್ಲಿ ಅದಕ್ಕೆ 'ಪರ್ಯಾವರಣ' ಬೇರೆಯೇ ಇದ್ದು, 'ಪರಿಸರ' ಎಂದರೆ ಸುತ್ತಮುತ್ತಲಿನ ಆವರಣ. ಹೀಗಾಗಿ ಬೆಂಗಳೂರಿನ ಓದುಗನಿಗಿಂತ ದಾಳಿಂಬದ ದ್ವಿಭಾಷಿಕನಿಗೆ ಈ ಅನುವಾದ ಹೆಚ್ಚು ಸರಿಯಾಗಿ ಅರ್ಥವಾಗುವುದು! ಗಡಿಯ ಕನ್ನಡಿಗನ ಎರಡು ಕಿವಿಗಳು ಹೊರೆಯಲ್ಲ, ಉಪಕರಣ. ಇದಕ್ಕೂ ಸರಳವಾದ ಪದ 'ಅಂಗಳ'. ಮರಾಠಿಯ 'ಅಂಗಣ' ಅದರ ಪಕ್ಕದಲ್ಲಿಯೇ ಇದೆ. 'ಯಾವ ಅಂಗಳ ಬೇಕು?' ಎಂದು ಕೇಳಿದರೆ ಯಾವ ಮನೆಯವರೂ ತಬ್ಬಿಬ್ಬಾಗರು.

ಪಟ್ಟಿಯಲ್ಲಿ ಮರಾಠಿಯೂ ಇರಬೇಕೆ? ಇರಲೇಬೇಕು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಲ್ಪಟ್ಟಿದೆ. ಅದರಿಂದ ಕನ್ನಡದ ಸಾಲಿಗೆ ಕುಂದೇನೂ ಬಂದಿಲ್ಲ. ಕನ್ನಡವನ್ನು ಆರಿಸಿದವನಿಗೆ 'ಲ್ಯಾಂಗ್' ಎಂಬ ಚರಾಕ್ಷರದಲ್ಲಿ ಕನ್ನಡದ ಸಂಕೇತವನ್ನೂ ಮರಾಠಿಯನ್ನು ಆರಿಸಿದವನಿಗೆ ಮರಾಠಿಯದನ್ನೂ 'ಎಕ್ಸೆಕ್'ಗೆ ಮುನ್ನ ತುಂಬಿದರೆ, ಅನುವಾದವಾಗಿರುವಷ್ಟರ ಮಟ್ಟಿಗೆ ಇಡೀ ಅಂಗಳ ಆ ನುಡಿಯಲ್ಲಿ ತೆರೆಯುತ್ತದೆ. ಆಯಾ ಲೊಕೇಲನ್ನು ಯಂತ್ರದಲ್ಲಿ ಮೊದಲೇ ಸಿದ್ಧಪಡಿಸಿರಬೇಕು. ಕೀಲಿಮಣೆಯನ್ನೂ ಅಲ್ಲಿಯೇ ನಿಗದಿಪಡಿಸಬಹುದು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಾದ 'ಕಗಪ' ಎಂಬ ಹೆಸರಿನಲ್ಲಿಯೇ ಆ ವಿನ್ಯಾಸವು ಲಿನಕ್ಸಿನಲ್ಲಿದೆ. ಮರಾಠಿಗೂ ಅದೇ ಹೆಸರಿನ ವಿನ್ಯಾಸ ಲಭ್ಯವಿದೆ. ಕನ್ನಡಕ್ಕಾಗಿ ಹುಟ್ಟಿದ ಕ್ರಮದಲ್ಲಿ ಮರಾಠಿಯನ್ನು ಬೆರಳಚ್ಚಿಸಬಹುದೆಂಬುದು ಗಡಿಭಾಗದಲ್ಲಿ ಹೆಚ್ಚು ಜನಕ್ಕೆ ತಿಳಿಯಬೇಕಾದ ಸಂಗತಿ.

ಉಳಿದದ್ದು ಒಂದೇ ವಿವಾದ. ಯಾರೂ ಏನನ್ನೂ ಆರಿಸದೆ ಹತ್ತು ಸೆಕೆಂಡು ಕಳೆದರೆ ಯಾವ ಅಂಗಳ, ಯಾವ ನುಡಿ ತೆರೆಯಬೇಕು? 'ಕೇಸ್' ರಚನೆಯ ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ಕವಲೊಂದಿರುತ್ತದೆ. ಮೇಲಿನ ಯಾವುದಕ್ಕೂ ಹೊಂದದ ಉತ್ತರ, ಖಾಲಿ ಉತ್ತರವೂ ಸೇರಿ, ಅಲ್ಲಿಗೆ ಬಂದು ಬೀಳುತ್ತದೆ. ಸಾಮಾನ್ಯವಾಗಿ ಅಲ್ಲಿ ಇಂಗ್ಲಿಷನ್ನು ಕೂರಿಸಿ ಮುಂದೆ ಸಾಗುವುದು ರೂಢಿ. ಕನ್ನಡ ವಿಭಾಗದ ಯಂತ್ರದಲ್ಲಿ ಆ ನಕ್ಷತ್ರದ ಕವಲು ಕನ್ನಡಕ್ಕೆ ಸಲ್ಲಬೇಕು. ಇಂಗ್ಲಿಷ್ ಬೇಕಾದವರು ಪಟ್ಟಿಯಲ್ಲಿ ಅದನ್ನು ಆರಿಸಿಕೊಳ್ಳಲಿ.