ದುಡ್ಡು ಕೇಳುವಾಗ ಕನ್ನಡ, ಸಹಿ ಕೇಳುವಾಗ ಇಂಗ್ಲಿಷ್!

ಕನ್ನಡಿಗರೇ,

ಕೆಂಗೇರಿ ಕೋಟೆಯ ಹೆಣ್ಣುಮಗಳೊಬ್ಬರು ತಮ್ಮ ಹೊಟ್ಟೆಯ ಚೀಲದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯಲು ಇಂಗ್ಲಿಷಿನಲ್ಲಿ ಒಪ್ಪಿಗೆ ಕೊಟ್ಟರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ! ಒಂಬತ್ತು ಪುಟದ ಒಪ್ಪಿಗೆ ಪತ್ರ. ಅದರಲ್ಲಿ ಕನ್ನಡ ಎಂದು ಇದ್ದದ್ದು ಅವರ ಸಹಿ ಒಂದೇ. ಆ ಹೆಣ್ಣುಮಗಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅತ್ತಿಗೆ. ಪಕ್ಕದಲ್ಲಿ ನಿಂತು 'ಹಾಕಿ ಅತ್ತಿಗೆ, ಏನೂ ಆಗಲ್ಲ' ಎಂದ ಮಹಾಶಯ ಈ ಲೇಖನ ಬರೆಯುತ್ತಿರುವ ನಾನೇ. ಮೊದಲ ಛೀಮಾರಿ ನನಗೇ ಇರಲಿ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೆದರಿ ಅಲ್ಲ. ಒಂದರ ಹೆಸರು ಬರೆದರೆ ಉಳಿದವು 'ಅದು ನಾವಲ್ಲ' ಎಂದು ಮೀಸೆ ತಿರುವುತ್ತವೆ. ಆ ಆಸ್ಪತ್ರೆಯ ಜಾಹೀರಾತು ಕನ್ನಡದಲ್ಲೇ ಇತ್ತು. ಕಂತಿನಲ್ಲಿ ದುಡ್ಡು ಕಟ್ಟಬಹುದೆಂದು ಹೇಳಿದ ಹುಡುಗಿ ಅಚ್ಚ ಕನ್ನಡದಲ್ಲೇ ಹೇಳಿದಳು. ಮುಂಗಡ ಕಟ್ಟುವ ಕೌಂಟರಿನಲ್ಲೂ ಕನ್ನಡವೇ. ದುಡ್ಡು ಕಟ್ಟಿ ರಸೀದಿ ಕೈಗೆ ಬಂದ ಗಳಿಗೆಯಿಂದ ನೋಡಿ, ಕನ್ನಡ ಮಾಯ!

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಅತ್ತಿಗೆ ಐದಡಿ ಒಂದಂಗುಲ, ತೂಕ 112 ಕೆ.ಜಿ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುವ ತೊಂದರೆ. ಹೊಲಿಗೆ ಮಷೀನು ತುಳಿದು ಎರಡು ಮಕ್ಕಳನ್ನು ಓದಿಸಿದ ಮಂಡಿಗಳು ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತಿದ್ದವು. ಡಾಕ್ಟರು ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿ ಎಂದರು. ಆ ಸಲಹೆ ತಪ್ಪಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬಿಎಂಐ 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇದ್ದವರಿಗೆ ಈ ಆಪರೇಷನ್ ಮಾಡಬಹುದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲೇ ಹೇಳಿತ್ತು. 2022ರಲ್ಲಿ ಈ ವಿಷಯದ ಜಾಗತಿಕ ವೈದ್ಯ ಸಂಘಗಳು ಆ ಗೆರೆಯನ್ನು ಇನ್ನೂ ಕೆಳಗಿಳಿಸಿದವು. ಏಷ್ಯಾದವರಿಗೆ ಇನ್ನಷ್ಟು ಕೆಳಗೆ. ಅತ್ತಿಗೆಯದು 46. ಇದು ಸೊಕ್ಕಿನ ಆಪರೇಷನ್ ಅಲ್ಲ, ಸೋಮಾರಿಗಳ ಅಡ್ಡದಾರಿಯೂ ಅಲ್ಲ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. 'ಸ್ಲೀವ್' ಎಂಬುದರಲ್ಲಿ ಹೊಟ್ಟೆಯ ಚೀಲದ ಬಹುಪಾಲು ತೆಗೆದು ಬಾಳೆಕಾಯಿಯಂಥ ಕೊಳವೆ ಉಳಿಸುತ್ತಾರೆ. 'ಬೈಪಾಸ್' ಎಂಬುದರಲ್ಲಿ ಮೊಟ್ಟೆಯಷ್ಟು ಚಿಕ್ಕ ಚೀಲ ಮಾಡಿ ಅದಕ್ಕೆ ಕೆಳಗಿನ ಕರುಳನ್ನು ತಂದು ಜೋಡಿಸುತ್ತಾರೆ. ಎರಡಕ್ಕೂ ಡಾಕ್ಟರ ಕೆಲಸ ಒಂದೆರಡು ಗಂಟೆ. ಉಳಿದದ್ದೆಲ್ಲ ರೋಗಿಯ ಕೆಲಸ, ಜೀವಮಾನ ಪೂರ್ತಿ. ಆ ಕೆಲಸವನ್ನು ಕತ್ತರಿಯಿಂದ ಕಲಿಸಲಾಗದು, ಮಾತಿನಿಂದಲೇ ಕಲಿಸಬೇಕು. ಮಾತು ಅರ್ಥವಾಗದಿದ್ದರೆ ಆಪರೇಷನ್ ಅರ್ಧವೇ ಆದಂತೆ!

ಏನಾಯಿತು ಕೇಳಿ. ಆಪರೇಷನ್‌ಗೆ ಎರಡು ವಾರ ಮುಂಚೆ ಅತ್ತಿಗೆಯ ಕೈಗೆ ಒಂದು ಹಾಳೆ ಬಂತು. ಅನ್ನ, ಸಿಹಿ, ಎಣ್ಣೆ ಬಿಟ್ಟು ಕಡಿಮೆ ಊಟ ಮಾಡಿ ಎಂದು ಅದರಲ್ಲಿತ್ತು, ಇಂಗ್ಲಿಷಿನಲ್ಲಿ. ಯಾಕೆ ಎಂದು ಯಾರೂ ಹೇಳಲಿಲ್ಲ. ತೂಕ ಹೆಚ್ಚಿದವರ ಲಿವರ್ ಕೊಬ್ಬು ತುಂಬಿ ಊದಿರುತ್ತದೆ. ಅದು ಹೊಟ್ಟೆಯ ಚೀಲದ ಮೇಲೇ ಒರಗಿರುವುದರಿಂದ ಸಣ್ಣ ತೂತಿನ ಮೂಲಕ ಆಪರೇಷನ್ ಮಾಡುವವರಿಗೆ ಅಡ್ಡ ಬರುತ್ತದೆ. ಎರಡು ವಾರದ ಪಥ್ಯ ಅದನ್ನು ಕುಗ್ಗಿಸಲಿಕ್ಕೆ. ಇದಿಷ್ಟನ್ನು ಕನ್ನಡದಲ್ಲಿ ಹೇಳಲು ಎಷ್ಟು ಹೊತ್ತು ಬೇಕು, ಸ್ವಾಮಿ? ಹೇಳದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದು ಇದು: 'ಇನ್ನು ಮೇಲೆ ಪಾಪ ಏನೂ ತಿನ್ನೋಕಾಗಲ್ಲ' ಎಂದು ಬಂಧುಬಳಗವೆಲ್ಲ ಸೇರಿ ಒಬ್ಬಟ್ಟು, ಬಿರಿಯಾನಿ ಎಂದು ಬೀಳ್ಕೊಡುಗೆ ಊಟ ಹಾಕಿತು!

ಉಸಿರಾಟದ ಅಭ್ಯಾಸಕ್ಕೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟರು. ಅದನ್ನು ಊದಬೇಕೋ ಎಳೆಯಬೇಕೋ ಗೊತ್ತಾಗದೆ ಅತ್ತಿಗೆ ನಾಲ್ಕು ದಿನ ಊದಿದರು. ಎಳೆಯಬೇಕಿತ್ತು.

ಇವು ನಗುವ ಸಂಗತಿ. ಮುಂದಿನದು ನಗುವುದಲ್ಲ. ಆಪರೇಷನ್ ಆದಮೇಲೆ ಮೊದಲು ತಿಳಿ ನೀರು, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನ ಊಟ, ಕೊನೆಗೆ ಮಾಮೂಲಿ ಊಟ. ಹೀಗೆ ವಾರಗಳ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಹಾಳೆಯಲ್ಲಿ ಇದ್ದದ್ದು ಬ್ರಾತ್, ಜೆಲ್ಲಿ, ಪ್ಯೂರಿ, ಸ್ಮೂದಿ. ಕೆಂಗೇರಿಯ ಅಡುಗೆಮನೆಯಲ್ಲಿ ಬ್ರಾತ್ ಎಲ್ಲಿಂದ ತರೋಣ? ಬೇಳೆ ಕಟ್ಟು ಎಂದಿದ್ದರೆ, ಸೋಸಿದ ನೀರು ಮಜ್ಜಿಗೆ ಎಂದಿದ್ದರೆ, ಮಿಕ್ಸಿಗೆ ಹಾಕಿದ ಹೆಸರುಬೇಳೆ ಎಂದಿದ್ದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತಿತ್ತು. 'ಸಾಫ್ಟ್' ಎಂಬ ಒಂದು ಪದ ಮಾತ್ರ ಮನೆಮಂದಿಗೆ ಗೊತ್ತಿತ್ತು. ಮೆತ್ತಗಿರುವುದು ತಾನೇ ಎಂದು ಒಂಬತ್ತನೇ ದಿನಕ್ಕೇ ಅನ್ನ ಸಾರು ಕಲೆಸಿ ಕೊಟ್ಟರು. ವಾಂತಿ ಶುರುವಾಯಿತು. ಎರಡು ದಿನವಲ್ಲ, ಆರು ದಿನ. 'ಆಪರೇಷನ್ ಆದವರಿಗೆ ವಾಂತಿ ಸಹಜ' ಎಂದು ನಾವೇ ಸಮಾಧಾನ ಹೇಳಿಕೊಂಡು ಕೂತೆವು.

ಓದುಗರೇ, ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಹೊಟ್ಟೆಯ ಆಪರೇಷನ್ ಆದವರಿಗೆ ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕೂರಬಾರದು. ಬಿ1 ಎಂಬ ಜೀವಸತ್ವದ ದಾಸ್ತಾನು ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕಷ್ಟೇ ಇರುತ್ತದೆ. ಅದು ಬರಿದಾದರೆ ನಡಿಗೆ ತೂರಾಡುತ್ತದೆ, ಒಂದು ಎರಡಾಗಿ ಕಾಣುತ್ತದೆ, ಬುದ್ಧಿ ಮಂಕಾಗುತ್ತದೆ. ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಕೇಡು. ಹಾಗೆಯೇ ಮೊದಲ ವಾರಗಳಲ್ಲಿ ಜ್ವರ, ನಾಡಿ ನಿಮಿಷಕ್ಕೆ 120 ದಾಟುವುದು, ಹೊಟ್ಟೆ ನೋವು, ಎಡ ಭುಜದ ನೋವು ಬಂದರೆ ಹೊಲಿಗೆ ಬಿಟ್ಟು ಸೋರುತ್ತಿರಬಹುದು. ಮೀನಖಂಡ ಊದಿ ನೋವು, ಇದ್ದಕ್ಕಿದ್ದಂತೆ ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಗಡಿಯಾರ ನೋಡದೆ ಆಸ್ಪತ್ರೆಗೆ ಓಡಬೇಕು. ಇವೆಲ್ಲ ಅತ್ತಿಗೆಗೆ ಕೊಟ್ಟ ಹಾಳೆಯಲ್ಲೇ ಇದ್ದವು! ನಾಲ್ಕನೇ ಪುಟದಲ್ಲಿ, ಚಿಕ್ಕ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಏಳನೇ ದಿನ ಕಾಲೇಜು ಓದುವ ಮಗಳು ಅದನ್ನು ಓದಿ ಚೀರಿಕೊಂಡಳು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಅತ್ತಿಗೆ ಬದುಕಿದರು. ಓದುವ ಮಗಳಿಲ್ಲದ ಮನೆಯ ಗತಿ ಏನು?

ಕಾನೂನು ಏನು ಹೇಳುತ್ತದೆ? 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಾಕಷ್ಟು ಮಾಹಿತಿ ಪಡೆದು ಕೊಟ್ಟ ಒಪ್ಪಿಗೆ ಮಾತ್ರ ಒಪ್ಪಿಗೆ ಎಂದಿತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅರ್ಥವಾಗುವ ಮಟ್ಟದಲ್ಲಿ ವಿವರ ಹೇಳಬೇಕೆಂದಿದೆ. ಹಾಗಾದರೆ ಓದಲು ಬಾರದ ಭಾಷೆಯ ಒಂಬತ್ತು ಪುಟಕ್ಕೆ ಹಾಕಿಸಿಕೊಂಡ ಸಹಿಗೆ ಏನೆನ್ನಬೇಕು? ನಾನು ಅದನ್ನು ಹೆಬ್ಬೆಟ್ಟು ಎನ್ನುತ್ತೇನೆ. ಹಿಂದೆ ಸಾಹುಕಾರರು ಸಾಲಪತ್ರಕ್ಕೆ ಒತ್ತಿಸಿಕೊಳ್ಳುತ್ತಿದ್ದರಲ್ಲ, ಅದೇ ಹೆಬ್ಬೆಟ್ಟು!

'ಕನ್ನಡದಲ್ಲಿ ವೈದ್ಯಕೀಯ ಪದಗಳಿಲ್ಲ' ಎನ್ನುತ್ತಾರೆ. ಅಯ್ಯಾ ಪಂಡಿತರೇ, ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದು ಬಸಿರು ಬಾಣಂತನವನ್ನು ಕನ್ನಡದ ಹೆಣ್ಣುಮಕ್ಕಳಿಗೆ ತಿಳಿಸಿದ್ದು ಯಾವ ಭಾಷೆಯಲ್ಲಿ? ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳನ್ನೇ ಕನ್ನಡದಲ್ಲಿ ಬಿಡಿಸಿಟ್ಟರಲ್ಲ, ನಿಮ್ಮ ಡಯಟ್ ಚಾರ್ಟು ಅದಕ್ಕಿಂತ ಕಷ್ಟವೇ? 'ಬೆಂಗಳೂರಿನಲ್ಲಿ ಎಲ್ಲ ಭಾಷೆಯವರೂ ಬರುತ್ತಾರೆ' ಎಂಬುದು ಇನ್ನೊಂದು ನೆಪ. ಬರಲಿ. ತಮಿಳಿನಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಅಚ್ಚು ಹಾಕಿಸಿ, ನಮ್ಮ ತಕರಾರಿಲ್ಲ. ಕರುಳಿಗೆ ಜಾತಿ ಭಾಷೆ ಇಲ್ಲ. ಆದರೆ ಕರ್ನಾಟಕದ ನೆಲದಲ್ಲಿ ನಿಂತು ಕನ್ನಡವೊಂದನ್ನೇ ಬಿಟ್ಟರೆ ಸುಮ್ಮನಿರುವುದಿಲ್ಲ.

ಗೊಂದಲದಿಂದ ಜೀವ ಹೋದ ಮೇಲೂ ನಾವು ಕಲಿತಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ರಾಜಾಜಿನಗರದ ಒಂದು ಖಾಸಗಿ ಕೇಂದ್ರದಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. ಅಂದಿನಿಂದ ಕೆಂಗೇರಿಯ ಹೆಂಗಸರ ಬಾಯಲ್ಲಿ ಒಂದೇ ಮಾತು, 'ಅಯ್ಯೋ, ಆ ಆಪರೇಷನ್ನಾ? ಆ ಹುಡುಗಿ ಸತ್ತಳಲ್ಲ!' ಆ ಆಪರೇಷನ್ನೇ ಬೇರೆ, ಇದೇ ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಅಂದಕ್ಕೆ. ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ. ಬೇರಿಯಾಟ್ರಿಕ್ ಎಂಬುದು ಕಾಯಿಲೆಗೆ. ನಮ್ಮ ಬಾಯಲ್ಲಿ ಎರಡೂ 'ಕೊಬ್ಬು ತೆಗೆಯೋ ಆಪರೇಷನ್'. ಹೀಗಾಗಿ ಬೇಕಾದವರು ಹೆದರಿ ಹಿಂದೆ ಸರಿಯುತ್ತಾರೆ, ಬೇಡವಾದವರು ಧೈರ್ಯವಾಗಿ ಹೋಗಿ ಮಲಗುತ್ತಾರೆ. ಕನ್ನಡದಲ್ಲಿ ಬಿಡಿಸಿ ಹೇಳುವವರಿಲ್ಲದ ಫಲ ಇದು.

ಇನ್ನು 'ಸಪೋರ್ಟ್ ಗ್ರೂಪ್' ಎಂಬ ಪ್ರಹಸನ. ಆಪರೇಷನ್ ಆದವರು ತಿಂಗಳಿಗೊಮ್ಮೆ ಸೇರಿ ಕಷ್ಟಸುಖ ಹೇಳಿಕೊಳ್ಳುವ ಸಭೆ. ತುಂಬ ಒಳ್ಳೆಯದು, ತಪ್ಪದೆ ಹೋಗುವವರ ತೂಕ ಹೆಚ್ಚು ಇಳಿಯುತ್ತದೆಂದು ಹೊರದೇಶಗಳ ಅಧ್ಯಯನಗಳೂ ಕಂಡಿವೆ. ಅತ್ತಿಗೆ ಎರಡು ಸಲ ಹೋದರು. ಎಲ್ಲರೂ ಇಂಗ್ಲಿಷಿನಲ್ಲಿ ಅತ್ತರು, ಇಂಗ್ಲಿಷಿನಲ್ಲಿ ನಕ್ಕರು. ಅತ್ತಿಗೆ ಸೆರಗು ಹೊದ್ದು ಕೂತು, ಕೊಟ್ಟ ಬಿಸ್ಕತ್ತನ್ನೂ ತಿನ್ನಲಾಗದೆ ಎದ್ದು ಬಂದರು.

ಅವರನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಆ ಸಭೆಯಲ್ಲ. ಅಂದೇ ಆಸ್ಪತ್ರೆಯ ಲಿಫ್ಟಿನ ಮುಂದೆ ಸಿಕ್ಕ ರಾಮನಗರ ಕಡೆಯ ಒಬ್ಬ ಹೆಂಗಸು. 'ನಿಮ್ಗೂ ಆಗದಾ ಅಕ್ಕ? ನಂಗೆ ಎರಡು ವರ್ಷಾಯ್ತು' ಎಂದರಂತೆ. ಆ ಎರಡು ವಾಕ್ಯಕ್ಕೇ ಅತ್ತಿಗೆ ಕಣ್ಣಲ್ಲಿ ನೀರು. ಅಲ್ಲೇ ಬೆಂಚಿನ ಮೇಲೆ ಪಾಠ ಶುರು: ಮೂರನೇ ತಿಂಗಳಿಂದ ಕೂದಲು ಉದುರುತ್ತೆ, ಹೆದರಬೇಡಿ, ಸಾಮಾನ್ಯವಾಗಿ ವಾಪಸ್ಸು ಬರುತ್ತೆ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಡಿ. ಬರೀ ರಾಗಿ ಗಂಜಿ ನಂಬಿಕೊಂಡರೆ ಸುಸ್ತಾಗುತ್ತೀರಿ. ಸುಣ್ಣದಂಶ ಅದರಲ್ಲಿ ಬೇಕಾದಷ್ಟಿದೆ, ಪ್ರೋಟೀನು ಸಾಲದು, ದಿನಕ್ಕೆ 60 ಗ್ರಾಂ ಆದರೂ ಬೇಕು. ಮೊಟ್ಟೆ, ಮೊಸರು, ಹೆಸರುಬೇಳೆ, ಮೀನು ಮೊದಲು ತಿನ್ನಿ, ಮುದ್ದೆ ಆಮೇಲೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ. ಬಿ12 ಜೀವ ಇರುವವರೆಗೂ ತಪ್ಪಿಸಬೇಡಿ. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ, ಹುಣ್ಣಾಗುತ್ತೆ. ಬೀಗರ ಊಟಕ್ಕೆ ಕರೆದರೆ ಹೋಗಿ, ಎಲೆ ಮುಂದೆ ಕೂರಿ, ಎರಡು ತುಂಡು ತಿಂದು ಕೈ ತೊಳೆಯಿರಿ, 'ಯಾಕೆ ಸಾಕಾ?' ಎಂದವರಿಗೆ 'ಹೊಟ್ಟೆ ಆಪರೇಷನ್ ಆಗಿದೆ' ಎಂದು ನೇರವಾಗಿ ಹೇಳಿ, ನಾಚಿಕೆ ಏನು?

ಕೋಣೆಗಟ್ಟಲೆ ಇಂಗ್ಲಿಷ್ ಮಾಡಲಾಗದ್ದನ್ನು ಆ ಹೆಣ್ಣುಮಗಳ ಅರ್ಧ ಗಂಟೆಯ ರಾಮನಗರದ ಕನ್ನಡ ಮಾಡಿತು.

ಇದೇನು ನಮಗೆ ಹೊಸದೇ? ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳನ್ನು ನೋಡಿ. ಶಿಬಿರ ಮುಗಿದಮೇಲೆ ಕುಡಿತ ಬಿಟ್ಟವರನ್ನೇ ಸೇರಿಸಿ ಊರೂರಲ್ಲಿ ನವಜೀವನ ಸಮಿತಿ ಕಟ್ಟುತ್ತಾರೆ. ಒಬ್ಬ ಜಾರಿದರೆ ಇನ್ನೊಬ್ಬ ಕೈ ಹಿಡಿಯುತ್ತಾನೆ, ಕನ್ನಡದಲ್ಲಿ. ನಮ್ಮ ಸ್ತ್ರೀಶಕ್ತಿ ಸಂಘಗಳು ಸಾಲಕ್ಕಾಗಿ ವಾರ ವಾರ ಸೇರುತ್ತವೆ. ಅದೇ ಚಾಪೆಯ ಮೇಲೆ ಇದೂ ನಡೆಯಬಾರದೇಕೆ?

ಈಗ ನಮ್ಮವರಿಗೂ ಎರಡು ಏಟು. ಹೋರಾಟಗಾರ ಬಂಧುಗಳೇ, 1982ರ ಗೋಕಾಕ್ ಚಳವಳಿ ಶಾಲೆಯ ಕನ್ನಡಕ್ಕೆ ನಡೆಯಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕೆ ಹೋರಾಡಿದೆವು, ಶೇ. 60 ಕನ್ನಡ ಎಂದು 2024ರಲ್ಲಿ ಕಾಯ್ದೆಯೂ ತಿದ್ದುಪಡಿಯಾಯಿತು. ಸಂತೋಷ. ಆದರೆ ಆಸ್ಪತ್ರೆಯ ಬಾಗಿಲ ಮೇಲಿನ ಶೇ. 60 ನೋಡಿ ಜೈಕಾರ ಹಾಕಿದ ನಾವು, ಬಾಗಿಲ ಒಳಗಿನ ಸೊನ್ನೆಯನ್ನು ನೋಡಲೇ ಇಲ್ಲ! 2024ರಲ್ಲೇ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಔಷಧ ಚೀಟಿ ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಒಳ್ಳೆಯ ಮಾತೇ. ನನ್ನನ್ನು ಕೇಳಿದರೆ ಮಾತ್ರೆಯ ಹೆಸರು ಯಾವ ಭಾಷೆಯಲ್ಲಿದ್ದರೂ ನಡೆದೀತು, ಅಂಗಡಿಯವನು ಓದಿಕೊಳ್ಳುತ್ತಾನೆ. ರೋಗಿಯೇ ಓದಿ ಪಾಲಿಸಬೇಕಾದ ಹಾಳೆ ಮೊದಲು ಕನ್ನಡವಾಗಬೇಕು.

ಇನ್ನೊಂದು ಏಟು ನಮ್ಮ ನಾಲಿಗೆಗೆ. ಡುಮ್ಮಿ, ದಢೂತಿ, ಆನೆಮರಿ! ದಪ್ಪಗಿರುವವರನ್ನು ಕಂಡರೆ ನಗಬೇಕೆಂದು ಸಿನಿಮಾ ಕಲಿಸಿತು, ನಾವು ಕಲಿತೆವು. ಇಂಥ ಕನ್ನಡವನ್ನು ಕೇಳಿ ಕೇಳಿ ಬೆಳೆದವರು ತಮ್ಮ ಕಾಯಿಲೆಯನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಹಿಂಜರಿದರೆ ತಪ್ಪು ಯಾರದು?

ಸರ್ಕಾರಕ್ಕೆ ನೇರ ಮಾತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇಲ್ಲದೆ ಇಲ್ಲಿ ಯಾವ ಖಾಸಗಿ ಆಸ್ಪತ್ರೆಯೂ ನಡೆಯುವಂತಿಲ್ಲ. ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆ. ಕನ್ನಡದ ಒಪ್ಪಿಗೆ ಪತ್ರ, ಕನ್ನಡದ ಪಥ್ಯದ ಹಾಳೆ, ಅಪಾಯದ ಚಿಹ್ನೆಗಳ ಕನ್ನಡ ಚೀಟಿ, ಕನ್ನಡದಲ್ಲಿ ನಡೆಯುವ ರೋಗಿಗಳ ಸಭೆ. ಈ ನಾಲ್ಕನ್ನು ನೋಂದಣಿಯ ಷರತ್ತು ಮಾಡಿ. ಖರ್ಚು ಎಷ್ಟು? ಲಕ್ಷಗಟ್ಟಲೆ ಬಿಲ್ಲು ಮಾಡುವವರಿಗೆ ಎಂಟು ಹಾಳೆ ಜೆರಾಕ್ಸಿನ ದುಡ್ಡು!

ಅತ್ತಿಗೆ ಈಗ 76 ಕೆ.ಜಿ. ಸಕ್ಕರೆ ಮಾತ್ರೆ ಮೂರರಿಂದ ಒಂದಕ್ಕೆ ಇಳಿದಿದೆ. ಪ್ರತಿ ತಿಂಗಳ ಎರಡನೇ ಭಾನುವಾರ ಅವರ ಮನೆಯ ಜಗಲಿಯಲ್ಲಿ ಐದಾರು ಹೆಂಗಸರು ಸೇರುತ್ತಾರೆ. ಇಬ್ಬರು ಆಪರೇಷನ್ ಆದವರು, ಉಳಿದವರು ಮಾಡಿಸಲೋ ಬೇಡವೋ ಎಂದು ಯೋಚಿಸುತ್ತಿರುವವರು. ರಾಮನಗರದವರು ರೈಲಿನಲ್ಲಿ ಕೆಂಗೇರಿಗೆ ಬಂದಿಳಿಯುತ್ತಾರೆ. ಗಂಡಸರಿಗೆ ಪ್ರವೇಶವಿಲ್ಲ, ನನಗೂ ಇಲ್ಲ.

ಈ ಪತ್ರಿಕೆಯ ಓದುಗರ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ, ಆಸ್ಪತ್ರೆ ಕೊಟ್ಟ ಇಂಗ್ಲಿಷ್ ಹಾಳೆಯ ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಕನ್ನಡ ಬಲ್ಲ ವೈದ್ಯರ ಕೈಯಲ್ಲಿ ತಿದ್ದಿಸಿ ಕನ್ನಡಕ್ಕೆ ತಂದು ಅಚ್ಚು ಹಾಕುತ್ತೇವೆ. ರೋಗಿಯ ಹೆಸರು, ಫೋನ್ ನಂಬರಿನ ಮೇಲೆ ಮಸಿ ಬಳಿದು ಕಳುಹಿಸಿ. ಫಲಕಗಳಿಗೆ ಬಳಿದು ಉಳಿದದ್ದು ಇರಬೇಕಲ್ಲ.